ಜಿನ್ನಿನ ಗೋಡೆಯ ಮೇಲೆ ಹತ್ತಕ್ಕೆ ಹತ್ತು

ಆ ದಿನಗಳಲ್ಲಿ ಸಿನಿಮಾಕ್ಕೆ ಹತ್ತಕ್ಕೆ ಹತ್ತು ಅಂಕ ಪುಕ್ಕಟೆ ಸಿಗುತ್ತಿರಲಿಲ್ಲ. ಬೇರೆ ಊರಿನ ಮಾತು ನನಗೆ ಗೊತ್ತಿಲ್ಲ. ನಮ್ಮ ಬೈಲಹೊಂಗಲದಲ್ಲಿ, ಟಾಕೀಜಿನ ಹಿಂದಿದ್ದ ಹಾಳು ಜಿನ್ನಿನ ಗೋಡೆಯ ಮೇಲಂತೂ, ನಾನಿರುವ ತನಕ ಸಿಗುತ್ತಿರಲಿಲ್ಲ. ಈಗಿನದು ಬಿಡಿ. ಚಹಾ ಸ್ವಲ್ಪ ಬಿಸಿ ಇದ್ದರೆ ಐದು ನಕ್ಷತ್ರ. ಕಟಿಂಗ್ ಮಾಡುವವನು ಕಿವಿ ಕೊಯ್ಯದಿದ್ದರೆ ಐದು ನಕ್ಷತ್ರ. ಸಿನಿಮಾಕ್ಕೆ ಹೋದವರು ಮಧ್ಯಂತರದಲ್ಲಿ ಪಾಪಕಾರ್ನ್ ತಿನ್ನುತ್ತಲೇ ಎಡಗೈ ಹೆಬ್ಬೆರಳಿನಿಂದ ಐದೂ ನಕ್ಷತ್ರ ಒತ್ತಿ, ಉಳಿದರ್ಧ ನೋಡಲು ಒಳಗೆ ಹೋಗುತ್ತಾರೆ. ಕೊಡುವವರಿಗೂ ನಾಚಿಕೆಯಿಲ್ಲ, ತೆಗೆದುಕೊಳ್ಳುವವರಿಗೂ ಇಲ್ಲ.

ನಮ್ಮ ಗೋಡೆಗೆ ಒಂದು ಮರ್ಯಾದೆ ಇತ್ತು. ಅದು ಹತ್ತಿಯಿಂದ ಕಾಳು ಬೇರೆ ಮಾಡುವ ಹಳೆಯ ಜಿನ್ನು. ನಾವು ಹುಟ್ಟುವ ಮೊದಲೇ ಮುಚ್ಚಿತ್ತು. ಮಷೀನುಗಳನ್ನು ಹೊತ್ತುಕೊಂಡು ಹೋಗಿದ್ದರೂ ಹತ್ತಿಕಾಳಿನ ಎಣ್ಣೆಯ ವಾಸನೆ ಮಾತ್ರ ಗೋಡೆಗಳಲ್ಲಿ ಹಾಗೇ ಉಳಿದಿತ್ತು. ಬೇಸಿಗೆಯ ಮಧ್ಯಾಹ್ನ ಆ ಗೋಡೆಯ ನೆರಳಿನಲ್ಲಿ ಗೋಲಿಗುಂಡಾ ಆಡುತ್ತಿದ್ದೆವು, ಖಾರ ಉಪ್ಪು ಸವರಿದ ಸೌತೆಕಾಯಿ ತಿನ್ನುತ್ತಿದ್ದೆವು, ಆಮೇಲೆ ಸಿನಿಮಾಗಳ ನ್ಯಾಯ ತೀರಿಸುತ್ತಿದ್ದೆವು. ಪ್ರತಿ ಶುಕ್ರವಾರ ಹೊಸ ಸಿನಿಮಾ. ಶನಿವಾರದೊಳಗೆ ಅದರ ಹೆಸರು, ಮುಂದೆ ಅಂಕ, ಇದ್ದಲಿಯಿಂದ ಗೋಡೆಯ ಮೇಲೆ. ಒಂಬತ್ತರವರೆಗೆ ಯಾರು ಏನು ಬೇಕಾದರೂ ವಾದಿಸಬಹುದು. ಆದರೆ ಹತ್ತು ಕೊಡಬೇಕೆನ್ನುವವನು ಅಲ್ಲಿದ್ದ ಒಡೆದ ಬೀಸುವ ಕಲ್ಲಿನ ಮೇಲೆ ಹತ್ತಿ ನಿಂತು ಎಲ್ಲರೆದುರು ಕಾರಣ ಹೇಳಬೇಕು, ಒಬ್ಬನಾದರೂ ಒಪ್ಪದಿದ್ದರೆ ಇಳಿಯಬೇಕು. ಒಪ್ಪದಿರುವ ಆ ಒಬ್ಬ ಯಾವಾಗಲೂ ನಾನೇ.

ಮಲ್ಯಾ ಎಷ್ಟು ಸಲ ಆ ಕಲ್ಲು ಹತ್ತಿ ಇಳಿದನೋ. ಅವನಪ್ಪನದು ಬಜಾರದಲ್ಲಿ ಕಿರಾಣಿ ಅಂಗಡಿ. ಅಂಗಡಿಯ ಮುಂದೆ ಟಾಕೀಜಿನ ಪೋಸ್ಟರ್ ಹಲಗೆ ಇಡಲು ಜಾಗ ಕೊಟ್ಟಿದ್ದಕ್ಕೆ ವಾರಕ್ಕೆ ಎರಡು ಪಾಸು ಬರುತ್ತಿದ್ದವು. ಒಂದರಲ್ಲಿ ಅವನು, ಇನ್ನೊಂದರಲ್ಲಿ ನಾನು. ಮಲ್ಯಾನಿಗೆ ನಾಲ್ಕು ಫೈಟು ಇದ್ದರೆ ಹತ್ತು, ಐದು ಫೈಟು ಇದ್ದರೂ ಹತ್ತು. ಅವನ ಜೊತೆ ವಾದ ಮಾಡುವುದೆಂದರೆ ಎಮ್ಮೆಯ ಮುಂದೆ ಪಾಠ ಓದಿದಂತೆ ಎಂದು ನಾನು ಅವನೆದುರೇ ಹೇಳುತ್ತಿದ್ದೆ. ಅವನು ನಗುತ್ತಿದ್ದ. ಅವನಿಗೆ ಸಿಟ್ಟು ಬರುತ್ತಿರಲಿಲ್ಲ ಎಂಬುದೂ ಅವನ ಬಗ್ಗೆ ನನಗಿದ್ದ ತಿರಸ್ಕಾರಕ್ಕೆ ಒಂದು ಕಾರಣ.

ನಾನು ಹಾಗಾಗಿದ್ದು ನಮ್ಮಪ್ಪನಿಂದ. ಅಪ್ಪ ಹೈಸ್ಕೂಲಿನಲ್ಲಿ ಕನ್ನಡ ಮಾಸ್ತರರು. ಇಡೀ ನೌಕರಿಯಲ್ಲಿ ಯಾರಿಗೂ ಪೂರ್ತಿ ಅಂಕ ಕೊಟ್ಟವರಲ್ಲ. ಮನೆಯಲ್ಲೂ ಕೆಂಪು ಶಾಯಿಯ ಪೆನ್ನು ಕಿಸೆಯಿಂದ ಕೆಳಗೆ ಇಳಿಯುತ್ತಿರಲಿಲ್ಲ. ಊಟಕ್ಕೆ ಕೂಡುವಾಗ ನಡುಮನೆಯ ಕಂಬಕ್ಕೆ ಬೆನ್ನು ಕೊಟ್ಟು ಕೂಡುತ್ತಿದ್ದರು. ಅವ್ವ ಸಾರು ಬಡಿಸಿ, ಸೌಟು ಹಿಡಿದುಕೊಂಡೇ ಒಂದು ಕ್ಷಣ ನಿಲ್ಲುತ್ತಿದ್ದಳು. ಅಪ್ಪ ಒಂದು ತುತ್ತು ಉಂಡು, ಕಣ್ಣು ಮುಚ್ಚಿ, "ಏಳು. ಉಪ್ಪು ಕಡಿಮಿ ಅದ," ಎನ್ನುತ್ತಿದ್ದರು. ಮರುದಿನ, "ಏಳೂವರಿ. ಹುಳಿ ಮುಂದ ಓಡ್ಯದ." ಅವ್ವನ ಸಾರು ಎಂಟು ದಾಟಿದ್ದನ್ನು ನಾನು ಕಾಣೆ. ಆದರೂ ಅವಳು ದಿನವೂ ಸೌಟು ಹಿಡಿದು ನಿಲ್ಲುತ್ತಿದ್ದಳು.

ಆ ವಿದ್ಯೆಯನ್ನು ನಾನು ಸಿನಿಮಾಕ್ಕೆ ಹಚ್ಚಿದೆ. ಬೆಂಕಿಯಿಂದ ಎದ್ದು ಬಂದ ಹೀರೋನ ಬೈತಲೆ ಕೆಡದಿದ್ದರೆ ಒಂದಂಕ ಕಡಿತ. ತಾಯಿ ಮೊದಲ ಸೀನಿನಲ್ಲೇ ಕೆಮ್ಮಿದರೆ ಒಂದು. ಅವಳು ಸಾಯುತ್ತಾಳೆಂದು ಮೂರನೇ ಕ್ಲಾಸಿನವನಿಗೂ ಗೊತ್ತು. ತಂಗಿಯ ಮುಂದೆ ಹೊಲಿಗೆ ಮಷೀನು ಕಂಡರೆ ಒಂದು. ಬಡವರ ಮನೆಯಲ್ಲಿ ಪರದೆ, ಪರದೆಗೆ ತಕ್ಕ ದಿಂಬು ಇದ್ದರೆ ಒಂದು. ಹೀಗೆ ಕಳೆದು ಕಳೆದು ನಾನು ಕೊಡುತ್ತಿದ್ದದ್ದು ನಾಲ್ಕೋ ಐದೋ. ಏಳನೇ ಇಯತ್ತೆ ಮುಗಿಸಿದ ಹುಡುಗನಿಗೆ ಇಷ್ಟು ಕೊಬ್ಬು ಇರಬಾರದಿತ್ತು, ಆದರೆ ಇತ್ತು.

ನಮ್ಮ ಜೊತೆ ಮೂರನೆಯವಳು ಮೈಮುನಾ. ಟಾಕೀಜಿನ ಆಪರೇಟರ್ ಇಮಾಮಸಾಬರ ಮೊಮ್ಮಗಳು. ತಂದೆ ಲಾರಿಯ ಮೇಲೆ ವಾರಗಟ್ಟಲೆ ಹೊರಗೆ, ತಾಯಿ ಇರಲಿಲ್ಲ. ಹಾಗಾಗಿ ಅಜ್ಜನ ಕ್ಯಾಬಿನ್ನೇ ಅವಳ ಮನೆ. ಬಂದ ಪ್ರತಿ ಸಿನಿಮಾವನ್ನೂ ಅವಳು ನೋಡಿದ್ದಳು, ಯಾವುದನ್ನೂ ಕೇಳಿರಲಿಲ್ಲ. ಕ್ಯಾಬಿನ್ನಿನ ಸಣ್ಣ ಕಿಂಡಿಯಿಂದ ನೋಡಬೇಕು, ಪಕ್ಕದಲ್ಲಿ ಮಷೀನು ಹಿಟ್ಟಿನ ಗಿರಣಿಯಷ್ಟು ಸದ್ದು ಮಾಡುತ್ತಿತ್ತು. "ಆಕಿ ತಿರುಗಿ ನೋಡಿ ಏನಂದ್ಲೋ ಗುರ್ಯಾ?" ಎಂದು ನಮ್ಮನ್ನು ಕೇಳುತ್ತಿದ್ದಳು. ಹೇಳಿದರೆ, "ಹೌದಾ? ಮಾರಿ ನೋಡಿದ್ರ ಹಂಗ ಅಂದಂಗ ಅನಸಲಿಲ್ಲ," ಎನ್ನುತ್ತಿದ್ದಳು. ತಾನಾಗಿ ಒಂದು ಅಂಕವನ್ನೂ ಕೊಡುತ್ತಿರಲಿಲ್ಲ. ಮಾತು ಕೇಳದೆ ಸಿನಿಮಾ ನೋಡುವವಳಿಗೆ ಅಂಕದ ಗೊಡವೆ ಯಾಕೆ ಎಂದು ನಾನೂ ಕೇಳುತ್ತಿರಲಿಲ್ಲ.

ಆ ಬೇಸಿಗೆಯಲ್ಲಿ ಒಂದು ಸಿನಿಮಾ ಬಂತು. ರಾಮದುರ್ಗದಲ್ಲಿ ಓಡಿ, ಸವದತ್ತಿಯಲ್ಲಿ ಓಡಿ, ಸವೆದು, ಬಸ್ಸಿನ ಟಾಪಿನ ಮೇಲೆ ತಗಡಿನ ಡಬ್ಬಿಗಳಲ್ಲಿ ನಮ್ಮೂರಿಗೆ ಇಳಿಯಿತು. ಒಬ್ಬ ಮುದುಕ, ಇಬ್ಬರು ಮಕ್ಕಳು, ಮನೆ ಪಾಲು. ಪೋಸ್ಟರ್ ನೋಡಿದ ಕೂಡಲೇ ನಾನು ಮನಸ್ಸಿನಲ್ಲೇ ನಾಲ್ಕು ಕೊಟ್ಟಿದ್ದೆ. ಶುಕ್ರವಾರ ಮ್ಯಾಟಿನಿಗೆ ಹೋಗಿ ಕುಂತೆವು. ಮೊದಮೊದಲು ಎಲ್ಲ ಹಾಳು ಹಳೆಯದೇ. ಆಮೇಲೆ ಇದ್ದಕ್ಕಿದ್ದಂತೆ ಹಿರಿಯ ಮಗ ತಲೆ ಬೋಳಿಸಿಕೊಂಡು ಗೋಡೆಗೆ ಒರಗಿ ಅಳುತ್ತಿದ್ದ. ಯಾಕೆಂದು ಯಾರಿಗೂ ತಿಳಿಯಲಿಲ್ಲ. ಹಿಂದಿನ ಬೆಂಚಿನಲ್ಲಿ ನೇಸರಗಿಯಿಂದ ಬಂದಿದ್ದ ಇಬ್ಬರು ಮಾತಾಡಿಕೊಂಡರು.

"ತಿರುಪತಿಗೆ ಹೋಗಿ ಬಂದಾನ ತಗೋ."

"ಹೋಗಿ ಬಂದಾವ ಅಳೋದ್ಯಾಕ?"

"ಲಾಡು ಸಿಕ್ಕಿಲ್ಲ ಅಂತ ಕಾಣಸ್ತೈತಿ."

ಮುಂದಿನ ಸೀನಿನಲ್ಲಿ ಅವನ ತಲೆಯ ತುಂಬ ಕೂದಲು. ಮುದುಕ ಎದೆ ಹಿಡಿದುಕೊಂಡು ಸತ್ತ, ಚಿತೆ ಉರಿಯಿತು, ಮಕ್ಕಳು ಅತ್ತರು. ಅಷ್ಟೇ ಆಗಿದ್ದರೆ ನನ್ನ ನಾಲ್ಕಕ್ಕೆ ಮೋಸವಿರಲಿಲ್ಲ. ಆದರೆ ಚಿತೆಯ ಹೊಗೆ ಆರುವ ಮೊದಲೇ ಆ ಮುದುಕ ಅಡುಗೆಮನೆಯ ಬಾಗಿಲಲ್ಲಿ ಊಟಕ್ಕೆ ಕುಂತಿದ್ದ. ಸೊಸೆ ಸುಮ್ಮನೆ ರೊಟ್ಟಿ ಬಡಿಸಿದಳು. ಮಗ ಎದುರಿಗೆ ಕುಂತು ಉಣ್ಣುತ್ತಿದ್ದ. ಮುದುಕ, "ತಮ್ಮನ ಮ್ಯಾಲೆ ಕೈ ಎತ್ತಬಾರದು," ಎಂದ. ಮಗ ತಲೆ ತಗ್ಗಿಸಿದ. ಮುದುಕ ಇನ್ನೊಂದು ರೊಟ್ಟಿ ಕೇಳಿದ. ಅಷ್ಟೇ. ಅದರ ನಂತರ ಅವನು ಮತ್ತೆ ಬರಲೇ ಇಲ್ಲ.

ಟಾಕೀಜಿನಲ್ಲಿ ಒಂದು ಸೀಟಿ ಇಲ್ಲ, ಒಂದು ಕೂಗು ಇಲ್ಲ. ಹೆಂಗಸರ ಕಡೆಯಿಂದ ಮೂಗು ಒರೆಸುವ ಸದ್ದು. ಲಾಡು ಸಿಕ್ಕಿಲ್ಲ ಎಂದಿದ್ದವನು ಟವೆಲಿನಲ್ಲಿ ಮುಖ ಮುಚ್ಚಿಕೊಂಡಿದ್ದ.

ಮರುದಿನ ನಾನು ಆ ಕಲ್ಲು ಹತ್ತಿದೆ. ಮಲ್ಯಾ ಬಾಯಿಗಿಟ್ಟ ಸೌತೆಕಾಯಿ ಹಾಗೇ ಬಿಟ್ಟ. ಓಣಿಯ ಇನ್ನೂ ನಾಲ್ಕೈದು ಹುಡುಗರಿದ್ದರು. ನಾನು ಕೈ ಎತ್ತಿ ಭಾಷಣ ಬಿಗಿದೆ.

"ಸತ್ತಾಂವ ಊಟಕ್ಕ ಬಂದಾನ. ಮನ್ಯಾಗ ಒಬ್ಬರರೆ ಬೆಚ್ಚಿಬಿದ್ದಾರೇನು? ಇಲ್ಲ! ಸೊಸಿ ರೊಟ್ಟಿ ನೀಡ್ತಾಳ, ಮಗ ಬೈಸಿಕೋತಾನ. ಯಾಕಂದ್ರ ಮನಿ ಹಿರ್ಯಾ ಸತ್ತರೂ ಊಟದ ಹೊತ್ತಿಗೆ ಎದ್ದು ಹೋಗೂದಿಲ್ಲ. ಇದನ್ನ ಇಲ್ಲೀತನಕ ಯಾರು ತೋರ್ಸ್ಯಾರ? ಮತ್ತ ಆ ಬೋಳು ತೆಲಿ? ಮುಂದ ಆಗೂದನ್ನ ಮೊದಲ ತೋರ್ಸಿ ನಮ್ಮನ್ನ ಕೆಣಕ್ಯಾರ. ತೆಲಿ ಇದ್ದವರಿಗೆ ತಿಳೀತದ. ಹತ್ತಕ್ಕ ಹತ್ತು!"

ಯಾರೂ ಇಳಿಸಲಿಲ್ಲ. ಇಳಿಸುವವನೇ ಮೇಲೆ ನಿಂತಿದ್ದನಲ್ಲ. ಇದ್ದಲಿಯಿಂದ ಗೋಡೆಯ ಮೇಲೆ, ಎಲ್ಲ ನಾಲ್ಕು ಐದುಗಳ ಮೇಲೆ, ಕೈ ಎಟುಕುವಷ್ಟು ಎತ್ತರದಲ್ಲಿ ದೊಡ್ಡದಾಗಿ ಬರೆದೆ. ಮನೆಗೆ ಹೋಗಿ ಊಟಕ್ಕೆ ಕುಂತಾಗ ಅಪ್ಪನಿಗೂ ಹೇಳಿದೆ. ಅವರು ಸಾರಿಗೆ ಆರೂವರೆ ಕೊಟ್ಟು ಮುಗಿಸಿದ್ದರು.

"ತಪ್ಪು ಹುಡುಕಲಿಕ್ಕೆ ಬರದವರು ಹತ್ತು ಕೊಡತಾರ, ಗುರುನಾಥ," ಎಂದರು. ಅಷ್ಟೇ ಅಂದು ಮಜ್ಜಿಗೆ ಕಲಸಿಕೊಂಡರು.

ಆ ಸಿನಿಮಾ ಒಂದು ವಾರಕ್ಕೆ ಬಂದದ್ದು ಎರಡನೇ ವಾರಕ್ಕೂ ನಿಂತಿತು. ಮುರಗೋಡದಿಂದ, ಹಳ್ಳಿಗಳಿಂದ ಟ್ರ್ಯಾಕ್ಟರ್ ಮಾಡಿಕೊಂಡು ಹೆಂಗಸರು ಬಂದರು. "ಸತ್ತ ಮಾವ ಊಟಕ್ಕ ಬರತಾನಂತ" ಎಂಬ ಮಾತು ಊರೆಲ್ಲ ಹಬ್ಬಿತ್ತು. ನನ್ನ ಹತ್ತಕ್ಕೆ ಊರೇ ಸಹಿ ಹಾಕಿದಂತೆ ನಾನು ಎದೆ ಉಬ್ಬಿಸಿಕೊಂಡು ತಿರುಗಿದೆ.

ಎರಡನೇ ವಾರದ ನಡುವೆ ಧಾರವಾಡದಿಂದ ನಮ್ಮ ಅತ್ತೆಯ ಮಗ ಆನಂದ ರಜೆಗೆ ಬಂದ. ನನಗಿಂತ ಎರಡು ವರ್ಷ ದೊಡ್ಡವನು. ಬೂಟು ಹಾಕಿಕೊಂಡೇ ಹಿತ್ತಲಿಗೂ ಹೋಗುತ್ತಿದ್ದ. ನಮ್ಮ ಗೋಡೆಯ ಮುಂದೆ ನಿಂತು ಎಲ್ಲ ಅಂಕಗಳನ್ನೂ ಓದಿದ. ಮೇಲಿನ ಹತ್ತು ಕಂಡು, "ಇದಕ್ಕ ಹತ್ತು ಯಾರು ಕೊಟ್ಟಾರೋ?" ಎಂದ. ನಾನು ಮತ್ತೆ ಕಾರಣ ಹೇಳಿದೆ. ಪೂರ್ತಿ ಹೇಳಲು ಬಿಡಲಿಲ್ಲ. ಹೊಟ್ಟೆ ಹಿಡಿದುಕೊಂಡು ನಗತೊಡಗಿದ.

"ಲೇ, ಆ ಊಟ ಆಂವ ಸಾಯೋಕ್ಕಿಂತ ಮೊದಲ ಬರತದ. ಬೋಳು ತಲಿ ಸತ್ತಮ್ಯಾಲೆ ಬರತದ. ನಿಮ್ಮೂರಾಗ ರೀಲು ಅದಲಬದಲ ಆಗ್ಯಾವ! ಧಾರವಾಡದಾಗ ನಾ ಎರಡು ಸಲ ನೋಡೀನಿ. ಐದು ಕೊಟ್ರ ಹೆಚ್ಚು." ಮಲ್ಯಾನ ಕಡೆ ತಿರುಗಿ, "ನಿಮ್ಮ ಪರೀಕ್ಷಕರು ಎಂಥಾ ಶ್ಯಾಣ್ಯಾ ಅದಾರ ನೋಡ್ರಿ," ಎಂದ.

ಮಲ್ಯಾ ನಗಲಿಲ್ಲ. ಮೈಮುನಾ ನನ್ನ ತೋಳು ಹಿಡಿದು ಜಿನ್ನಿನ ಇನ್ನೊಂದು ಬದಿಗೆ ಕರೆದುಕೊಂಡು ಹೋದಳು. ಅಲ್ಲಿ ಅವಳು ಹೇಳಿದ್ದು ನನಗೆ ಇಂದಿಗೂ ಶಬ್ದಶಃ ನೆನಪಿದೆ.

"ಗುರ್ಯಾ, ಅಜ್ಜಗ ಕಣ್ಣು ಕಾಣಂಗಿಲ್ಲ. ಎರಡು ವರ್ಷ ಆತು, ಪೊರಿ ಬಂದೈತಿ. ಶುಕ್ರವಾರ ಡಬ್ಬಿ ಬಂದಕೂಡ್ಲೆ ನಂಬರ್ ಓದಿ ನಾ ಸಾಲಾಗಿ ಇಟ್ಟಕೊಡತೇನಿ. ಆಮ್ಯಾಗ ವಾರಪೂರ್ತಿ ಅಜ್ಜ ಕೈ ಅಂದಾಜಿನ ಮ್ಯಾಲೆ ಏರಸ್ತಾನ. ಈ ಸಲ ನಾ ನೇಸರಗಿಗೆ ಮದವಿಗೆ ಹೋಗಿದ್ದೆ. ಬರಬರತನಾ ಸೋಮವಾರ ಆತು. ಬಂದು ನೋಡತೇನಿ, ಏಳನೇದು ಒಂಬತ್ತರ ಜಾಗಾದಾಗ ಐತಿ."

"ಮತ್ತ ಸೋಮವಾರನ ಸರಿ ಮಾಡಬೇಕಿತ್ತಲ್ಲ?"

"ನಾ ಹೇಳಿದೆ. ಅಜ್ಜ ಕಿಂಡಿ ಹಂತೇಲಿ ಕಿವಿಗೊಟ್ಟು ನಿಂತಿದ್ದ. ಆ ಮಷೀನಿನ ಸದ್ದಿನಾಗೂ ಅವಗ ಮಂದಿ ಅಳೋದು ಕೇಳಸ್ತಿತ್ತು. ಅಜ್ಜ ಅಂದ, ಇರಲಿ ಬಿಡು ಬೇಟಾ, ಸತ್ತಾಂವ ಒಮ್ಮಿ ಊಟಕ್ಕ ಬಂದ್ರ ಯಾರ್ದೇನು ಗಂಟು ಹೋಗತೈತಿ." ಮೈಮುನಾ ಮೂಗು ಒರೆಸಿಕೊಂಡಳು. "ಟಾಕೀಜಿನ ಸಾವಕಾರಗ ಗೊತ್ತಾದ್ರ ಅಜ್ಜನ್ನ ಕೆಲಸ ಬಿಡಸ್ತಾರ. ನೀ ಆರು ಕೊಡು, ಐದು ಕೊಡು. ನನಗ ತಿಳೀಲಿಲ್ಲ ಅಂದುಬಿಡು. ಟಾಕೀಜಿನ ಮಾತು ಮಾತ್ರ ತಗೀಬ್ಯಾಡ."

ನಾನು "ಹೂಂ" ಎಂದೆ.

ಹೂಂ ಎಂದವನು ಅಲ್ಲಿಂದ ನೇರ ಗೋಡೆಗೆ ಬಂದು ಆ ಹತ್ತನ್ನು ಅಳಿಸಬೇಕಿತ್ತು. ನನ್ನ ಕೈಯಿಂದ ಅದು ಆಗಲಿಲ್ಲ. ನಾಳೆ ಅಳಿಸಿದರಾಯಿತು ಎಂದುಕೊಂಡೆ. ಏಳು ಜನರೆದುರು "ನನಗೆ ತಿಳೀಲಿಲ್ಲ" ಎನ್ನುವ ಆ ಎರಡು ಶಬ್ದ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಅಡ್ಡ ನಿಂತವು. ಮೀನು ತಿಂದು ಗೊತ್ತಿಲ್ಲದ ಮನೆಯವನು ನಾನು. ಆದರೂ ಹಾಗೇ ಅನ್ನಿಸಿತ್ತು.

ಮರುದಿನ ಮಧ್ಯಾಹ್ನ ಟಾಕೀಜಿನ ಮುಂದೆ ಮ್ಯಾಟಿನಿಗೆ ಮಂದಿ ಕೂಡಿದ್ದರು. ಮಿರ್ಚಿ ಭಜಿಯ ಗಾಡಿಯ ಹತ್ತಿರ ಆನಂದ ಓಣಿಯ ಹುಡುಗರಿಗೆಲ್ಲ ನನ್ನ ಭಾಷಣವನ್ನು ಆಡಿ ತೋರಿಸುತ್ತಿದ್ದ. ಕೈ ಎತ್ತಿ, ಎದೆ ಉಬ್ಬಿಸಿ, "ತೆಲಿ ಇದ್ದವರಿಗೆ ತಿಳೀತದ!" ಎಂದ. ಭಜಿ ಕರಿಯುವವನು ಜಾಲರಿ ಸೌಟು ಹಿಡಿದುಕೊಂಡೇ ನಕ್ಕ. ಮಲ್ಯಾ ನನ್ನ ಪಕ್ಕದಲ್ಲಿದ್ದ. "ನಡಿ ಗುರ್ಯಾ, ಹೋಗೂಣು," ಎಂದು ಅಂಗಿ ಜಗ್ಗಿದ. ಎಮ್ಮೆ ಎಂದು ನಾನು ಕರೆಯುತ್ತಿದ್ದವನಿಗೆ ಆ ಹೊತ್ತಿನಲ್ಲಿ ಏನು ಮಾಡಬೇಕೆಂದು ತಿಳಿದಿತ್ತು. ನನಗೆ ತಿಳಿದಿರಲಿಲ್ಲ.

ಆನಂದ ನನ್ನನ್ನು ನೋಡಿ ಇನ್ನೂ ದನಿ ಏರಿಸಿದ. "ಬರ್ರಿ ಬರ್ರಿ, ಹತ್ತಕ್ಕ ಹತ್ತು ಸಾಹೇಬ್ರು ಬಂದ್ರು! ಸಿನಿಮಾ ಯಾವುದು, ರೀಲಿನ ತಪ್ಪು ಯಾವುದು ಅಂತ ಗೊತ್ತಾಗಲಾರದ ಪಂಡಿತರು!"

ನಾನು ಕೂಗಿದೆ. "ತಪ್ಪು ನಂದಲ್ಲ! ಇಮಾಮಜ್ಜಂದು! ಅವಗ ಕಣ್ಣ ಕಾಣಂಗಿಲ್ಲ! ಎರಡು ವರ್ಷ ಆತು!"

ಮೂರು ಹೆಜ್ಜೆ ಆಚೆ ಟಿಕೀಟಿನ ಕಿಂಡಿಯ ಹಿಂದೆ ಟಾಕೀಜಿನ ಸಾವಕಾರರು ಕುಂತಿದ್ದರು. ಅದು ನನಗೆ ಗೊತ್ತಿರಲಿಲ್ಲ ಎಂದು ಇಷ್ಟು ವರ್ಷ ಕೇಳಿದವರಿಗೆಲ್ಲ ಹೇಳಿಕೊಂಡು ಬಂದಿದ್ದೇನೆ. ಸುಳ್ಳು. ಮ್ಯಾಟಿನಿಗೆ ಅವರು ಯಾವಾಗಲೂ ಅಲ್ಲೇ ಕೂಡುತ್ತಿದ್ದರು. ಅವರ ಉಂಗುರದ ಕೈ ನನಗೆ ಕಾಣುತ್ತಿತ್ತು. ಅವರು ಕೇಳಲಿ ಎಂದೇ ನಾನು ಅಷ್ಟು ಜೋರಾಗಿ ಕೂಗಿದ್ದೆ. ದೊಡ್ಡವರೊಬ್ಬರು ಹೊರಗೆ ಬಂದು, ತಪ್ಪು ಈ ಹುಡುಗನದಲ್ಲ ಎಂದು ಎಲ್ಲರಿಗೂ ಹೇಳಲಿ ಎಂಬುದೊಂದೇ ನನಗೆ ಬೇಕಿತ್ತು.

ಸಾವಕಾರರು ಹೊರಗೆ ಬಂದರು. ನನ್ನ ಕಡೆ ನೋಡಲಿಲ್ಲ. ಕಬ್ಬಿಣದ ಮೆಟ್ಟಿಲು ಹತ್ತಿ ಕ್ಯಾಬಿನ್ನಿಗೆ ಹೋದರು. ಸ್ವಲ್ಪ ಹೊತ್ತಿಗೆ ಇಳಿದು ಬಂದರು, ಹಿಂದೆ ಇಮಾಮಜ್ಜ. ಒಂದು ಕೈ ಮೆಟ್ಟಿಲ ಕಂಬಿಯ ಮೇಲೆ, ಇನ್ನೊಂದು ಮೈಮುನಾಳ ಹೆಗಲ ಮೇಲೆ. ಮೇಲೆ ಕ್ಯಾಬಿನ್ನಿನಲ್ಲಿ ಕತ್ತಲೆಯಲ್ಲಿ ರೀಲು ಏರಿಸುವಾಗ ಆ ಮನುಷ್ಯನ ಕೈ ಎಲ್ಲೂ ತಡವರಿಸಿದ್ದನ್ನು ನಾನು ನೋಡಿರಲಿಲ್ಲ. ಬಿಸಿಲಿಗೆ ಇಳಿದ ಮೇಲೆ ಅವರು ಹೆಜ್ಜೆ ಹುಡುಕುತ್ತಿದ್ದರು.

"ಅಜ್ಜಾರ, ಸಾಕು ದುಡದದ್ದು. ಇನ್ನ ಮನ್ಯಾಗ ಆರಾಮ ಇರ್ರಿ," ಎಂದರು ಸಾವಕಾರರು. ಕೆಟ್ಟವರಲ್ಲ. ದನಿ ಏರಿಸಲಿಲ್ಲ. ಅದಕ್ಕೇ ಅದು ಇನ್ನೂ ಕೆಟ್ಟದಾಗಿ ಕೇಳಿಸಿತು.

ಇಮಾಮಜ್ಜ ತಲೆಯಾಡಿಸಿದರು. "ಇವತ್ತಿನ ಆಟ ಯಾರು ಬಿಡ್ತಾರ್ರಿ?" ಎಂದು ಒಂದೇ ಮಾತು ಕೇಳಿದರು.

ಆ ದಿನ ಮ್ಯಾಟಿನಿ ನಡೆಯಲಿಲ್ಲ. ಎರಡು ದಿನ ಬಿಟ್ಟು ಹೊಸ ಆಪರೇಟರ್ ಬಂದ. ರೀಲು ಸರಿಯಾದವು. ನಾನು ಮಲ್ಯಾನ ಪಾಸು ಇಸಿದುಕೊಂಡು ಒಬ್ಬನೇ ಹೋಗಿ ನೋಡಿದೆ. ಮುದುಕ ಬದುಕಿದ್ದಾಗ ಊಟ ಮಾಡಿದ, ಆಮೇಲೆ ಸತ್ತ, ಆಮೇಲೆ ಮಗ ತಲೆ ಬೋಳಿಸಿಕೊಂಡು ಅತ್ತ. ಎಲ್ಲವೂ ಹೇಗಿರಬೇಕೋ ಹಾಗೆ. ಚಿತೆ ಉರಿದ ಮೇಲೆ ಹೆಂಗಸರು ಸೆರಗು ಸಿದ್ಧ ಮಾಡಿಕೊಂಡು ಕಾದರು. ಮುದುಕ ಬರಲಿಲ್ಲ. ಒಬ್ಬಾಕೆ, "ಎಲ್ಲಿ, ಊಟಕ್ಕ ಬರವಲ್ಲನಲ್ಲ?" ಎಂದು ಜೋರಾಗಿಯೇ ಕೇಳಿದಳು. ಇನ್ನೊಬ್ಬಳು, "ಕತ್ತರಿಸ್ಯಾರವ್ವ, ಇವರ ಮಾರಿಗಿಷ್ಟು," ಎಂದಳು. ಕೊನೆಗೆ ಜನ ಪೂರ್ತಿ ಮುಗಿಯುವ ಮೊದಲೇ ಎದ್ದು ಹೊರಟರು. ಆನಂದ ಸರಿಯಾಗಿ ಹೇಳಿದ್ದ. ಐದು ಕೊಟ್ಟರೆ ಹೆಚ್ಚು.

ಮೈಮುನಾ ಆ ವಾರ ಗೋಡೆಗೆ ಬರಲಿಲ್ಲ. ಅವರು ಸವದತ್ತಿಯಲ್ಲಿದ್ದ ಸೋದರತ್ತೆಯ ಮನೆಗೆ ಹೋಗುತ್ತಾರೆಂದು ಮಲ್ಯಾ ಹೇಳಿದ. ಹೊರಡುವ ದಿನ ನಾನು ಬಸ್‌ಸ್ಟ್ಯಾಂಡಿಗೆ ಹೋದೆ. ಅಜ್ಜ ಟ್ರಂಕಿನ ಮೇಲೆ ಕುಂತಿದ್ದರು. ನನ್ನ ಹೆಜ್ಜೆಯ ಸದ್ದು ಕೇಳಿ, "ಯಾರದು, ಮಾಸ್ತರ ಮಗನೇನು? ಬಾ ಬೇಟಾ," ಎಂದರು. ನಾನು ಅವರ ಹತ್ತಿರ ಹೋಗಲಿಲ್ಲ. ಮೈಮುನಾ ಎದ್ದು ಬಂದಳು. ನಾನು ಕ್ಷಮೆ ಕೇಳಲೆಂದೇ ಹೋಗಿದ್ದೆ. ಬಾಯಿಂದ ಬಂದದ್ದು ಬೇರೆ.

"ಆ ಹತ್ತು ಅಳಿಸೀನಿ," ಎಂದೆ.

ಅವಳು ನನ್ನನ್ನು ನೋಡಿದಳು. ಎಷ್ಟೋ ಸಿನಿಮಾಗಳನ್ನು ಮಾತಿಲ್ಲದೆ ನೋಡಿದ ಕಣ್ಣು.

"ಯಾಕ ಅಳಿಸಿದಿ?" ಎಂದಳು. "ಅದೊಂದ ನೀ ಬರೋಬ್ಬರಿ ಕೊಟ್ಟಿದ್ದಿ."

ಅಜ್ಜನ ಕೈ ಹಿಡಿದು ಬಸ್ಸು ಹತ್ತಿಸಿದಳು. ಅವಳು ಬರೋಬ್ಬರಿ, ಅಂದರೆ ಸರಿಯಾಗಿ, ಎಂದದ್ದನ್ನು ನಾನು ಚುಚ್ಚುಮಾತು ಎಂದೇ ತಿಳಿದೆ. ಬಹಳ ವರ್ಷ ಹಾಗೇ ತಿಳಿದಿದ್ದೆ.

ಆಮೇಲೆ ಗೋಡೆಯ ಆಟ ಸಪ್ಪಗಾಯಿತು. ಮಲ್ಯಾ ಕಲ್ಲು ಹತ್ತುವುದನ್ನು ಬಿಟ್ಟ. ನಾನು ಮಾತ್ರ ಅಂಕ ಕಡಿಯುವುದನ್ನು ಬಿಡಲಿಲ್ಲ. ಅಪ್ಪನ ಹಾಗೆ ಮಾಸ್ತರನಾದೆ, ಅದೇ ಕೆಂಪು ಶಾಯಿ. ಸಿನಿಮಾಕ್ಕೆ ಹೋದರೆ ಹೆಂಡತಿ ನನ್ನ ಪಕ್ಕದ ಸೀಟು ಬಿಟ್ಟು ಮಗಳ ಆಚೆ ಕೂಡುತ್ತಾಳೆ. ನಾನು ಹಲ್ಲಿನಲ್ಲಿ ತ್ಚ್ ಎನ್ನುವುದನ್ನು ಕೇಳಿ ಕೇಳಿ ಅವಳಿಗೆ ಸಾಕಾಗಿದೆ. ಮಗಳು ಫೋನಿನಲ್ಲಿ ಐದು ನಕ್ಷತ್ರ ಒತ್ತುತ್ತಾಳೆ. "ಯಾಕ ಕೊಟ್ಟಿ, ಕಾರಣ ಹೇಳು," ಎಂದರೆ, "ಕಾರಣ ಕೇಳಂಗಿಲ್ಲ ಅಪ್ಪಾ ಇದು, ಒತ್ತಿದರಾತು," ಎನ್ನುತ್ತಾಳೆ. ಹತ್ತಲು ಕಲ್ಲಿಲ್ಲ, ಇಳಿಸುವವರಿಲ್ಲ, ತಪ್ಪಿದರೆ ನಾಚಿಕೆಯಿಲ್ಲ, ಸರಿಯಾದರೆ ಯಾರಿಗೂ ಗೊತ್ತಿಲ್ಲ. ಇವರ ಐದು ನಕ್ಷತ್ರಕ್ಕಿಂತ ಮಲ್ಯಾನ ನಾಲ್ಕು ಫೈಟಿನ ಹತ್ತು ಎಷ್ಟೋ ಮೇಲು. ಅದಕ್ಕಾಗಿ ಅವನು ಬಿಸಿಲಲ್ಲಿ ನಿಂತು ಬೈಸಿಕೊಳ್ಳುತ್ತಿದ್ದ.

ಅಪ್ಪ ತೀರಿಕೊಂಡು ಕೆಲವು ವರ್ಷಗಳಾದವು. ಆಗ ಹದಿಮೂರು ದಿನ ಮುಗಿದು ಬಂಧುಗಳೆಲ್ಲ ಹೋದ ಮೇಲೆ ನಾವು ಮನೆಯವರಷ್ಟೇ ಊಟಕ್ಕೆ ಕುಂತೆವು. ನನ್ನ ತಲೆ ಬೋಳು. ಅಪ್ಪ ಕೂಡುತ್ತಿದ್ದ ಕಂಬದ ಜಾಗ ಬಿಟ್ಟು ಉಳಿದವರು ಸಾಲಾಗಿ ಕುಂತಿದ್ದೆವು. ಬಿಡಿ ಎಂದು ಯಾರೂ ಹೇಳಿರಲಿಲ್ಲ. ಅವ್ವ ಸಾರು ಬಡಿಸಿಕೊಂಡು ಬಂದು ಆ ಕಂಬದ ಮುಂದೆ ಸೌಟು ಹಿಡಿದು ನಿಂತಳು. ಒಂದು ಕ್ಷಣ ಕಾದಳು.

"ಉಪ್ಪು ಬರೋಬ್ಬರಿ ಆಗೇದಲ್ರೀ ಇವತ್ತು?" ಎಂದಳು.

ಯಾರೂ ಬೆಚ್ಚಲಿಲ್ಲ. ಹೆಂಡತಿ ಮಗಳಿಗೆ ತುಪ್ಪ ಹಾಕುತ್ತಿದ್ದಳು, ಹಾಕಿದಳು. ಮಗಳು ಉಣ್ಣುತ್ತಿದ್ದಳು, ಉಂಡಳು. ನಾನು ತಲೆ ತಗ್ಗಿಸಿದೆ. ಬೀಸುವ ಕಲ್ಲಿನ ಮೇಲೆ ನಿಂತು ಹನ್ನೆರಡು ವರ್ಷದ ಆ ಸೊಕ್ಕಿನ ಹುಡುಗ ಕೂಗಿದ್ದು ಒಂದೂ ತಪ್ಪಾಗಿರಲಿಲ್ಲ. ಕಣ್ಣಿಲ್ಲದ ಮುದುಕರೊಬ್ಬರು ಕೈಯಂದಾಜಿನಲ್ಲಿ ಸರಿಯಾಗಿ ಜೋಡಿಸಿದ್ದನ್ನು, ಕಣ್ಣಿದ್ದ ನಾವೆಲ್ಲ ಸೇರಿ ತಿದ್ದಿ ಕೆಡಿಸಿದ್ದೆವು.

ಟಾಕೀಜು ಈಗ ಕಲ್ಯಾಣ ಮಂಟಪ. ಜಿನ್ನಿನ ಗೋಡೆ ಕೆಡವಿ ಮೊಬೈಲ್ ಅಂಗಡಿಗಳ ಸಾಲು ಕಟ್ಟಿದ್ದಾರೆ. ಇಮಾಮಜ್ಜ ಇನ್ನು ಇರಲಾರರು. ಮೈಮುನಾ ಎಲ್ಲಿದ್ದಾಳೋ, ಇದ್ದರೆ ಸವದತ್ತಿಯಲ್ಲೇ ಇರಬೇಕು ಎಂದು ಮಲ್ಯಾ ಈಗಲೂ ಹೇಳುತ್ತಾನೆ, ಬೇಕಾದರೆ ವಿಚಾರಿಸಿ ಹೇಳುತ್ತೇನೆ ಎನ್ನುತ್ತಾನೆ. ಸವದತ್ತಿಯ ಬಸ್ಸು ದಿನಕ್ಕೆ ಹಲವು ಸಲ ನಮ್ಮ ಓಣಿಯ ತುದಿಯಲ್ಲೇ ಹಾಯುತ್ತದೆ. ಒಂದು ದಿನವೂ ನಾನು ಅದಕ್ಕೆ ಕೈ ಮಾಡಿ ನಿಲ್ಲಿಸಿದವನಲ್ಲ.